ಹೊಸ ಭತ್ತದ ತಳಿಯನ್ನು ಯಾರ ಗದ್ದೆಯಲ್ಲಿ ಅಳೆಯಬೇಕು?

ಮುಂಗಾರು ಹತ್ತಿರ ಬಂತು ಅಂದರೆ ಎಲ್ಲ ಕಡೆ ಅದೇ ಮಾತು. ಈ ಸಲ ಯಾವ ಭತ್ತ ಹಾಕೋಣ? ಹೊಸದು ಯಾವುದು ಬಂದಿದೆ? ಎಕರೆಗೆ ಎಷ್ಟು ಬರುತ್ತದೆ? ಮೂರನೇ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಗುತ್ತದೆ. ಕರಪತ್ರದಲ್ಲಿ ಬರೆದಿರುತ್ತಾರೆ, ಹೊಸ ತಳಿ ಬೆಳೆದು ತೋರಿಸುವ ಪ್ರಾತ್ಯಕ್ಷಿಕೆ ತಾಕಿನ ಬೋರ್ಡಿನಲ್ಲಿ ದೊಡ್ಡದಾಗಿ ಹಾಕಿರುತ್ತಾರೆ. ಆ ಅಂಕಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ಯಾರ ಗದ್ದೆಯ ಅಂಕಿ, ಯಾವ ವರ್ಷದ್ದು, ಆ ವರ್ಷ ಮಳೆ ಹೇಗಿತ್ತು, ಇದನ್ನೆಲ್ಲ ಬೋರ್ಡಿನಲ್ಲಿ ಬರೆದಿರುವುದಿಲ್ಲ.

ಇಲ್ಲಿ ಸೇರಿರುವ ನಿಮ್ಮಲ್ಲಿ ಹತ್ತಿರ ಹತ್ತಿರ ಅರ್ಧ ಜನ ಗದ್ದೆ ಮಾಡುವವರು, ಇನ್ನರ್ಧ ಕೃಷಿ ಓದುತ್ತಿರುವ ಮಕ್ಕಳು, ಜೊತೆಗೆ ಕೆಲವು ಅಧಿಕಾರಿಗಳು. ಎಲ್ಲರಿಗೂ ನಾನು ಹೇಳಬೇಕಾದದ್ದು ಒಂದೇ. ಒಂದು ಎಕರೆ, ಒಂದೂವರೆ ಎಕರೆ ಇರುವ ಮನೆಗೆ ಒಂದು ತಳಿ ಎಷ್ಟು ಬಾಳುತ್ತದೆ ಅನ್ನುವುದು ಒಳ್ಳೆಯ ವರ್ಷದ ಇಳುವರಿಯಿಂದ ತಿಳಿಯುವುದಿಲ್ಲ. ಕೆಟ್ಟ ವರ್ಷದಲ್ಲಿ, ಕೆಟ್ಟ ಗದ್ದೆಯಲ್ಲಿ ಅದು ಎಷ್ಟು ಉಳಿಸಿಕೊಟ್ಟಿತು ಅನ್ನುವುದರಿಂದ ತಿಳಿಯುತ್ತದೆ. ಐವತ್ತು ಎಕರೆ ಇದ್ದವರಿಗೆ ಒಂದು ಕಡೆ ಹೋದದ್ದು ಇನ್ನೊಂದು ಕಡೆ ಬರುತ್ತದೆ. ಸಣ್ಣ ಹಿಡುವಳಿಯವರಿಗೆ ಹೋದದ್ದು ಹೋಯಿತು, ಅಷ್ಟೇ. ಆ ವರ್ಷ ಊಟದ ಅಕ್ಕಿಯನ್ನು ಅಂಗಡಿಯಿಂದ ತರಬೇಕು, ಸೊಸೈಟಿ ಸಾಲ ಮುಂದಕ್ಕೆ ಹೋಗುತ್ತದೆ, ದನಕ್ಕೆ ಹುಲ್ಲು ಕೊಳ್ಳಬೇಕು. ಹಾಗಾಗಿ ಅಳತೆಗೋಲನ್ನು ಇಡಬೇಕಾದ್ದು ಆ ಗದ್ದೆಯಲ್ಲಿ, ಆ ಮನೆಯಲ್ಲಿ.

ಮೊದಲು ಒಂದು ತಳಿ ನಿಮ್ಮ ಕೈಗೆ ಬರುವ ದಾರಿಯನ್ನು ಸ್ವಲ್ಪ ನೋಡೋಣ. ನಮ್ಮ ದೇಶದಲ್ಲಿ ಭತ್ತದ ತಳಿಗಳನ್ನು ಒಟ್ಟಾಗಿ ಪರೀಕ್ಷೆ ಮಾಡುವ ಅಖಿಲ ಭಾರತ ಯೋಜನೆ ಶುರುವಾದದ್ದು 1965ರಲ್ಲಿ, ಹೈದರಾಬಾದನ್ನು ಕೇಂದ್ರವಾಗಿಟ್ಟುಕೊಂಡು. ಯಾವುದೇ ಸಂಶೋಧನಾ ಕೇಂದ್ರ ಹೊಸ ತಳಿ ಮಾಡಿದರೆ ಅದಕ್ಕೆ ಒಂದು ಐಇಟಿ ನಂಬರು, ಅಂದರೆ ಮೊದಲ ಹಂತದ ಪರೀಕ್ಷೆಯ ನಂಬರು ಸಿಗುತ್ತದೆ. ಆಮೇಲೆ ಅದು ಬೇರೆ ಬೇರೆ ರಾಜ್ಯಗಳ ಕೇಂದ್ರಗಳಿಗೆ ಹೋಗಿ, ಕೆಲವು ವರ್ಷ ಅಲ್ಲಿನ ಚಾಲ್ತಿ ತಳಿಗಳ ಪಕ್ಕದಲ್ಲಿ ಬೆಳೆದು, ರೋಗ, ಕೀಟ, ಅಕ್ಕಿಯ ಗುಣ ಎಲ್ಲದರ ಪರೀಕ್ಷೆ ಮುಗಿಸಬೇಕು. ಗೆದ್ದದ್ದು ಬಿಡುಗಡೆಯಾಗಿ 1966ರ ಬೀಜ ಕಾಯ್ದೆಯ ಅಡಿ ಅಧಿಸೂಚನೆ ಆಗುತ್ತದೆ. ಈ ಕೆಲಸವನ್ನು ಹಗುರವಾಗಿ ನೋಡಬೇಡಿ. 1968ರಲ್ಲಿ ಬಂದ ಜಯಾ ಇದೇ ದಾರಿಯಲ್ಲಿ ಬಂದದ್ದು. ನಮ್ಮ ಮಂಡ್ಯದ ವಿ.ಸಿ. ಫಾರಂ, ಗಂಗಾವತಿ, ಮುಗದ, ಶಿರಸಿ, ಪೊನ್ನಂಪೇಟೆ, ಬ್ರಹ್ಮಾವರ, ಈ ಕೇಂದ್ರಗಳಲ್ಲಿ ದುಡಿದವರಿಂದಲೇ ನಮ್ಮ ಊಟದ ತಟ್ಟೆಗೆ ಅನ್ನ ಬಂದಿದೆ.

ಆದರೆ ಕೇಂದ್ರದ ತಾಕು ಹೇಗಿರುತ್ತದೆ ಅಂತ ಒಮ್ಮೆ ಹೋಗಿ ನೋಡಿ. ನೆಲ ಮಟ್ಟಸವಾಗಿರುತ್ತದೆ. ನೀರು ಬೇಕಾದ ದಿನ ಬರುತ್ತದೆ, ಬೇಡವಾದ ದಿನ ಹೊರಗೆ ಹೋಗುತ್ತದೆ. ಸಸಿಗೆ ಇಪ್ಪತ್ತೈದು ದಿನ ಆಯಿತು ಅಂದರೆ ಅವತ್ತೇ ನಾಟಿ. ಕಳೆ ಹೊತ್ತಿಗೆ ಸರಿಯಾಗಿ ತೆಗೆಯುತ್ತಾರೆ. ಇಷ್ಟೆಲ್ಲ ಸರಿ ಇದ್ದರೆ ತಳಿ ಎಷ್ಟು ಕೊಡಬಲ್ಲದು ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ನಿಮ್ಮಲ್ಲಿ ಎಷ್ಟು ಜನರ ಗದ್ದೆ ಹಾಗಿದೆ? ನಾಟಿ ಆಳು ಸಿಗದೆ ಸಸಿ ನಲವತ್ತು ದಿನಕ್ಕೆ ಬಲಿತು ನಿಂತಿರುತ್ತದೆ. ಮಾನ್ವಿ, ಸಿರವಾರದ ಕಡೆ ತುಂಗಭದ್ರಾ ಕಾಲುವೆಯ ಕೊನೆಯ ಭಾಗದವರಿಗೆ ನೀರು ತಡವಾಗಿ ಬಂದು ಬೇಗ ನಿಲ್ಲುತ್ತದೆ. ಹಳಿಯಾಳ, ಧಾರವಾಡದ ಕಡೆ ನಾಟಿಯನ್ನೇ ಮಾಡದೆ ಕೂರಿಗೆಯಲ್ಲಿ ಬಿತ್ತುವವರಿದ್ದಾರೆ. ಕರಾವಳಿಯಲ್ಲಂತೂ ಒಂದೇ ಮನೆಗೆ ಬೆಟ್ಟು, ಮಜಲು, ಬೈಲು ಅಂತ ಮೂರು ಮಟ್ಟದ ಗದ್ದೆ. ಬೆಟ್ಟಿನಲ್ಲಿ ನೀರು ನಿಲ್ಲುವುದಿಲ್ಲ, ಬೈಲಿನಲ್ಲಿ ನೀರು ಹೋಗುವುದಿಲ್ಲ. ಇಷ್ಟೂ ಕಡೆಗೆ ಒಂದೇ ಸರಾಸರಿ ಅಂಕಿ ಹಿಡಿದುಕೊಂಡು ಏನು ಮಾಡುವುದು?

ಇದನ್ನು ನಾನು ನೋಡಿದ್ದರಲ್ಲಿ ಅತ್ಯಂತ ಚೆನ್ನಾಗಿ ತೋರಿಸಿಕೊಟ್ಟದ್ದು ಒಡಿಶಾದ ಒಂದು ಪ್ರಯೋಗ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಮಗೆ ಬೇಕಾದ್ದೆಲ್ಲ ಇದೆ.

ಪೂರ್ವ ಭಾರತದಲ್ಲಿ ಸ್ವರ್ಣ ಅನ್ನುವ ತಳಿ ಬಹಳ ದೊಡ್ಡದು. ಆಂಧ್ರದ ಮಾರುಟೇರು ಕೇಂದ್ರದ್ದು, ಎಂಟಿಯು 7029 ಅಂತ ನಂಬರು. ಇಳುವರಿ ಚೆನ್ನಾಗಿದೆ, ಗೊಬ್ಬರ ಜಾಸ್ತಿ ಕೇಳುವುದಿಲ್ಲ. ಆದರೆ ನೆರೆ ಬಂದು ಪೈರು ಪೂರ್ತಿ ಮುಳುಗಿ ಒಂದು ವಾರ ದಾಟಿದರೆ ಕೊಳೆತು ಹೋಗುತ್ತದೆ. ಮುಳುಗಿದ ಭತ್ತದ ಗಿಡ ಏನು ಮಾಡುತ್ತದೆ ಗೊತ್ತಾ? ಗಾಳಿಗಾಗಿ ಮೇಲಕ್ಕೆ ಬರಬೇಕು ಅಂತ ಇದ್ದ ಶಕ್ತಿಯನ್ನೆಲ್ಲ ಹಾಕಿ ಉದ್ದುದ್ದ ಬೆಳೆಯುತ್ತದೆ. ನೀರು ಇಳಿಯುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಅಲ್ಲೇ ಮಲಗಿ ಸಾಯುತ್ತದೆ.

ಅದೇ ಒಡಿಶಾದ ಒಂದು ಹಳೆಯ ನಾಡತಳಿಯಿಂದ ಆರಿಸಿದ ಎಫ್‌ಆರ್ 13ಎ ಅನ್ನುವ ಭತ್ತ ಹಾಗೆ ಮಾಡುವುದಿಲ್ಲ. ಮುಳುಗಿದ ಕೂಡಲೇ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ನೀರು ಇಳಿದ ಮೇಲೆ ಉಳಿಸಿಕೊಂಡ ಶಕ್ತಿಯಿಂದ ಮತ್ತೆ ಚಿಗುರುತ್ತದೆ. ಈ ಗುಣಕ್ಕೆ ಕಾರಣವಾದ ಸಬ್1ಎ ಅನ್ನುವ ಜೀನ್ ಯಾವುದು ಅಂತ 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಮಾಮೂಲಿ ಸಂಕರಣದಿಂದಲೇ ಸ್ವರ್ಣದ ಒಳಗೆ ತಂದರು. 2009ರಲ್ಲಿ ಸ್ವರ್ಣ-ಸಬ್1 ಅಂತ ನಮ್ಮ ದೇಶದಲ್ಲಿ ಬಿಡುಗಡೆ ಆಯಿತು.

ಈಗ ಇದನ್ನು ಅಳೆಯುವುದು ಹೇಗೆ? ಒಳ್ಳೆಯ ಗದ್ದೆಯಲ್ಲಿ, ಒಳ್ಳೆಯ ವರ್ಷದಲ್ಲಿ ಸ್ವರ್ಣ ಮತ್ತು ಸ್ವರ್ಣ-ಸಬ್1 ಎರಡನ್ನೂ ಪಕ್ಕಪಕ್ಕ ಹಾಕಿದರೆ ವ್ಯತ್ಯಾಸವೇ ಕಾಣುವುದಿಲ್ಲ. ಅದೇ ಎತ್ತರ, ಅದೇ ಕಾಳು, ಅದೇ ಇಳುವರಿ. ಪ್ರಾತ್ಯಕ್ಷಿಕೆ ತಾಕು ನೋಡಲು ಬಂದ ರೈತರು, ಇದರಲ್ಲಿ ಹೊಸದೇನಿದೆ ಅಂತ ಕೇಳಿ ಹೋಗುತ್ತಾರೆ. ಈ ಬೀಜದ ನಿಜವಾದ ಗುಣ ನೀರಿನ ಅಡಿಯಲ್ಲಿ ಮಾತ್ರ ಕಾಣುವಂಥದ್ದು.

ಹಾಗಾಗಿ ಸಂಶೋಧಕರು ಒಡಿಶಾದ 128 ಹಳ್ಳಿಗಳನ್ನು ತೆಗೆದುಕೊಂಡರು. ಚೀಟಿ ಎತ್ತಿದ ಹಾಗೆ ಅದರಲ್ಲಿ ಅರ್ಧ ಹಳ್ಳಿಗಳನ್ನು ಆರಿಸಿ, ಅಲ್ಲಿನ ಕೆಲವು ರೈತರಿಗೆ ಐದೈದು ಕಿಲೋ ಬೀಜದ ಪೊಟ್ಟಣ ಕೊಟ್ಟರು. ಉಳಿದರ್ಧ ಹಳ್ಳಿಗಳಿಗೆ ಕೊಡಲಿಲ್ಲ. ರೈತರು ತಮ್ಮ ಗದ್ದೆಯಲ್ಲಿ ತಮಗೆ ಬೇಕಾದ ಹಾಗೆ ಬೆಳೆದರು. ನೆರೆಯೂ ಬಂತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ದಿನ ಮುಳುಗಿದ ಗದ್ದೆಯಲ್ಲಿ ಹೊಸ ಬೀಜ ಹಳೆಯದಕ್ಕಿಂತ ಸುಮಾರು 45 ಶೇಕಡಾ ಜಾಸ್ತಿ ಕೊಟ್ಟಿತ್ತು. ಮುಳುಗದ ಗದ್ದೆಯಲ್ಲಿ ನಷ್ಟ ಇರಲಿಲ್ಲ.

ಆ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ನನಗೆ ಇಳುವರಿಗಿಂತ ಅದು ದೊಡ್ಡದು ಅನ್ನಿಸುತ್ತದೆ. ನೆರೆ ಬರುವ ತಗ್ಗು ಗದ್ದೆಗಳು ಯಾರ ಕೈಯಲ್ಲಿದ್ದವು ಅಂತ ನೋಡಿದರೆ, ಹೆಚ್ಚಾಗಿ ಕೆಳಜಾತಿಯವರ ಕೈಯಲ್ಲಿದ್ದವು. ಮೇಲಿನ ಒಳ್ಳೆಯ ಭೂಮಿ ಮೊದಲೇ ಬೇರೆಯವರ ಪಾಲಾಗಿತ್ತು. ಅಂದರೆ ಈ ಬೀಜದಿಂದ ಹೆಚ್ಚು ಲಾಭ ಆದದ್ದು ಯಾರಿಗೆ ಅತಿ ಹೆಚ್ಚು ಬೇಕಿತ್ತೋ ಅವರಿಗೇ. ಪ್ರಾತ್ಯಕ್ಷಿಕೆಯನ್ನು ರಸ್ತೆ ಬದಿಯ ಒಳ್ಳೆಯ ಗದ್ದೆಯಲ್ಲಿ, ಊರ ಪ್ರಮುಖರ ಜಮೀನಿನಲ್ಲಿ ಮಾಡಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಕೂತಿರುವ ಅಧಿಕಾರಿಗಳಿಗೆ ನನ್ನ ಕೇಳಿಕೆ ಇದು. ತಾಕಿನ ಜಾಗ ಆರಿಸುವಾಗ ಜೀಪು ನಿಲ್ಲಿಸಲು ಅನುಕೂಲವಾಗುವ ಗದ್ದೆ ಬೇಡ. ದಯವಿಟ್ಟು ಒಳಗೆ ನಡೆದು ಹೋಗಿ. ತಗ್ಗು ಗದ್ದೆ ಯಾರದು ಅಂತ ಕೇಳಿ, ಅವರ ಹತ್ತಿರ ಹೋಗಿ.

ಅದೇ ಗುಂಪಿನವರು ಮುಂದೆ ಮಾಡಿದ ಕೆಲಸದಲ್ಲಿ ಇನ್ನೂ ಒಂದು ವಿಷಯ ಸಿಕ್ಕಿತು. ಈ ಬೀಜ ಹಾಕಿದ ರೈತರು ಗೊಬ್ಬರ ಸ್ವಲ್ಪ ಹೆಚ್ಚು ಹಾಕಿದರು, ಹೆಚ್ಚು ಜಾಗದಲ್ಲಿ ಬೆಳೆದರು, ಸಾಲ ತೆಗೆಯಲು ಮೊದಲಿನಷ್ಟು ಹೆದರಲಿಲ್ಲ. ಇದು ನಮಗೆಲ್ಲ ಅರ್ಥವಾಗುವ ಮಾತು, ಅಲ್ವಾ? ನೆರೆ ಬಂದರೆ ಎಲ್ಲ ಹೋಗುತ್ತದೆ ಅಂತ ಗೊತ್ತಿದ್ದರೆ ಯಾರು ತಾನೆ ಗೊಬ್ಬರಕ್ಕೆ ದುಡ್ಡು ಸುರಿಯುತ್ತಾರೆ? ರೈತರು ಹೊಸದಕ್ಕೆ ಕೈ ಹಾಕುವುದಿಲ್ಲ ಅಂತ ದೂರುವುದನ್ನು ಕೇಳಿದ್ದೇನೆ. ಅವರು ಕೈ ಹಾಕದೇ ಇರುವುದಕ್ಕೆ ಲೆಕ್ಕ ಇದೆ. ಆ ಲೆಕ್ಕದಲ್ಲಿ ಕೆಟ್ಟ ವರ್ಷ ಸೇರಿದೆ, ವರದಿ ಬರೆಯುವ ನಮ್ಮ ಲೆಕ್ಕದಲ್ಲಿ ಸೇರಿಲ್ಲ.

ಇಷ್ಟು ಕೇಳಿದ ಮೇಲೆ, ಹಾಗಾದರೆ ನಮ್ಮ ವರದಾ ನದಿ ಬಯಲಿಗೆ, ಬನವಾಸಿ ಕಡೆಗೆ ಇದನ್ನೇ ತರೋಣ ಅಂತ ಅನ್ನಿಸಬಹುದು. ಸ್ವಲ್ಪ ತಡೆಯಿರಿ. ಸಬ್1 ಕೆಲಸ ಮಾಡುವುದು ಪೈರು ಇನ್ನೂ ಎಳೆಯದಾಗಿರುವಾಗ, ಪೂರ್ತಿ ಮುಳುಗಿ, ಸುಮಾರು ಎರಡು ವಾರದೊಳಗೆ ನೀರು ಇಳಿದುಹೋದಾಗ. ಮೊಣಕಾಲಿನಷ್ಟು ನೀರು ಒಂದು ತಿಂಗಳು ನಿಂತೇ ಇದ್ದರೆ ಗಿಡಕ್ಕೆ ಬೇಕಾದ ಗುಣವೇ ಬೇರೆ. ನಿಮ್ಮ ಗದ್ದೆಗೆ ಬರುವ ನೀರು ಯಾವ ತಿಂಗಳು ಬರುತ್ತದೆ, ಎಷ್ಟು ಎತ್ತರಕ್ಕೆ ಬರುತ್ತದೆ, ಎಷ್ಟು ದಿನ ನಿಲ್ಲುತ್ತದೆ? ಇದು ನಿಮಗೆ ಮಾತ್ರ ಗೊತ್ತು. ಬೀಜ ಕೊಡುವವರಿಗೆ ಮೊದಲು ಇದನ್ನು ಹೇಳಿ.

ಉಪ್ಪುನೀರಿಗೂ ಇದೇ ಮಾತು. ಅಘನಾಶಿನಿ ಸಮುದ್ರ ಸೇರುವಲ್ಲಿ, ಕುಮಟಾ ತಾಲೂಕಿನ ಮಾಣಿಕಟ್ಟಾ ಸುತ್ತ ಗಜನಿ, ಅಂದರೆ ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಗಳಿವೆ. ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುತ್ತದೆ, ನೆರೆ ತಡೆಯುತ್ತದೆ, ಗೊಬ್ಬರ ಕೇಳುವುದಿಲ್ಲ. ಇಳುವರಿ ಪಟ್ಟಿಯಲ್ಲಿ ಅದನ್ನು ಹುಡುಕಿದರೆ ತೀರಾ ಕೆಳಗೆ ಸಿಗುತ್ತದೆ. ಆದರೆ ಪಟ್ಟಿಯ ಮೇಲಿರುವ ತಳಿಗಳನ್ನು ಗಜನಿಗೆ ತಂದು ಹಾಕಿದರೆ ಕಾಳು ಸಿಗುವುದು ಕಷ್ಟ. ಯಾವುದು ಸುಧಾರಿತ, ಯಾವುದು ಅಲ್ಲ ಅನ್ನುವುದನ್ನು ಗದ್ದೆ ತೀರ್ಮಾನ ಮಾಡುತ್ತದೆ.

ಈಗ ಗದ್ದೆಯಿಂದ ಮನೆಗೆ ಬರೋಣ. ನಾನು ತಳಿ ನೋಡುವ ದಿನ ಇಟ್ಟುಕೊಂಡಾಗೆಲ್ಲ ಗಮನಿಸಿದ್ದೇನೆ, ಗಂಡಸರು ಬದುವಿನ ಮೇಲೆ ನಿಂತು ತೆನೆ ನೋಡುತ್ತಾರೆ. ಹೆಂಗಸರು ಗದ್ದೆಗೆ ಇಳಿಯುತ್ತಾರೆ. ಒಂದು ತೆನೆ ಹಿಡಿದು ಬೆರಳಿನಲ್ಲಿ ಜಗ್ಗಿ ಕಾಳು ಎಷ್ಟು ಬಿಗಿಯಾಗಿ ಕೂತಿದೆ ಅಂತ ನೋಡುತ್ತಾರೆ. ಬುಡದ ಹತ್ತಿರ ಹುಲ್ಲು ಮುರಿದು ನೋಡುತ್ತಾರೆ. ನಾಲ್ಕು ಕಾಳು ಕಿತ್ತು ಉಗುರಿನಲ್ಲಿ ಸಿಪ್ಪೆ ಬಿಡಿಸಿ ಅಕ್ಕಿಯನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಇದೆಲ್ಲ ಸುಮ್ನೆ ಮಾಡುವುದಲ್ಲ. ಕಾಳು ತೀರಾ ಬಿಗಿಯಾಗಿದ್ದರೆ ಬಡಿಯುವಾಗ ರಟ್ಟೆ ಬೀಳುತ್ತದೆ. ತೀರಾ ಸಡಿಲವಾಗಿದ್ದರೆ ಕೊಯ್ಯುವಾಗಲೇ ಅರ್ಧ ಗದ್ದೆಗೆ ಉದುರುತ್ತದೆ. ಹುಲ್ಲು ಗಡುಸಾದರೆ ದನ ಮೂಸಿ ಬಿಡುತ್ತದೆ. ಗಿಡ್ಡ ತಳಿಗಳು ಬಂದ ಮೇಲೆ ಹುಲ್ಲಿಗೆ ಎಷ್ಟು ಖರ್ಚಾಗುತ್ತಿದೆ ಅಂತ ಹಸು ಸಾಕುವವರನ್ನು ಕೇಳಿ. ಇಳುವರಿಯಲ್ಲಿ ಎರಡು ಕ್ವಿಂಟಾಲ್ ಜಾಸ್ತಿ ಬಂದು, ಹುಲ್ಲಿಗೆ ಆ ದುಡ್ಡು ಹೋದರೆ ಲಾಭ ಎಲ್ಲಿ ಬಂತು?

ತಳಿ ಆಯ್ಕೆಯಲ್ಲಿ ರೈತರನ್ನು ಸೇರಿಸಿಕೊಳ್ಳುವ ಒಂದು ಸರಳ ಪದ್ಧತಿ ಇದೆ. ಬೆಳೆ ಹಣ್ಣಾದಾಗ ಎಲ್ಲ ತಾಕುಗಳ ಮುಂದೆ ಒಂದೊಂದು ಲಕೋಟೆ ಕಟ್ಟುತ್ತಾರೆ. ತಳಿಯ ಹೆಸರು ಇರುವುದಿಲ್ಲ, ನಂಬರು ಮಾತ್ರ. ಬಂದವರಿಗೆ ಚೀಟಿ ಕೊಟ್ಟು, ನಿಮಗೆ ಇಷ್ಟವಾದ ಎರಡು ಮತ್ತು ಬೇಡವೇ ಬೇಡ ಅನ್ನಿಸಿದ ಎರಡು ತಾಕಿಗೆ ಹಾಕಿ ಅನ್ನುತ್ತಾರೆ. ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಬಣ್ಣದ ಚೀಟಿ. ಎಣಿಸಿದಾಗ ಎರಡು ಬಣ್ಣ ಒಂದೇ ಕಡೆ ಬಿದ್ದಿಲ್ಲ ಅಂದರೆ ಅಲ್ಲಿ ನಿಂತು ಕೇಳಬೇಕು, ಯಾಕೆ ಅಂತ. ಬೇಡ ಅಂದವರ ಕಾರಣವನ್ನು ಬರೆದುಕೊಳ್ಳಬೇಕು. ಮಕ್ಕಳೇ, ನಿಮ್ಮ ಪ್ರಬಂಧಕ್ಕೆ ನೀವು ಅಂಕಿ ಅಂಶ ಎಷ್ಟು ಬೇಕಾದರೂ ತೆಗೆಯಿರಿ, ಈ ಕಾರಣಗಳ ಪಟ್ಟಿ ಮಾತ್ರ ಬಿಡಬೇಡಿ.

ಅಡುಗೆಮನೆ ಪರೀಕ್ಷೆ ಆಗದೆ ಯಾವ ತಳಿಯೂ ಊರಲ್ಲಿ ನಿಲ್ಲುವುದಿಲ್ಲ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಕೇರಳದಿಂದ ಬಂದ ಎಂಒ-4 ಅನ್ನುವ ಕೆಂಪಕ್ಕಿ ತಳಿ ಇಷ್ಟು ವರ್ಷ ಗಟ್ಟಿಯಾಗಿ ನಿಂತಿರುವುದಕ್ಕೆ ಅಲ್ಲಿನ ಕುಚ್ಚಲಕ್ಕಿ ಊಟಕ್ಕೆ ಅದು ಒಗ್ಗಿರುವುದೂ ಒಂದು ಕಾರಣ. ಅದರ ಜಾಗಕ್ಕೆ ಬ್ರಹ್ಮಾವರದವರು ಸಹ್ಯಾದ್ರಿ ಕೆಂಪುಮುಕ್ತಿ ತಂದಾಗ ಅದನ್ನೂ ಕೆಂಪಕ್ಕಿ ತಳಿಯಾಗಿಯೇ ಮಾಡಬೇಕಾಯಿತು. ಬಿಳಿ ಅಕ್ಕಿ ಕೊಟ್ಟಿದ್ದರೆ ಇಳುವರಿ ಎಷ್ಟಿದ್ದರೂ ಜನ ತಿರುಗಿ ನೋಡುತ್ತಿರಲಿಲ್ಲ.

ಮಾರುವವರಿಗೆ ಇನ್ನೊಂದು ಪರೀಕ್ಷೆ ಇದೆ, ಅದು ಗಿರಣಿಯಲ್ಲಿ. ಭತ್ತ ಮಿಲ್ಲಿಗೆ ಹೋದಾಗ ಇಡೀ ಅಕ್ಕಿ ಎಷ್ಟು, ನುಚ್ಚು ಎಷ್ಟು ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ. ಬಿಪಿಟಿ 5204 ಉದಾಹರಣೆ ತೆಗೆದುಕೊಳ್ಳಿ. ಸಾಂಬಾ ಮಸೂರಿ ಅಂತಲೂ ಹೆಸರು, ಆಂಧ್ರದ ಬಾಪಟ್ಲಾದಲ್ಲಿ ಮಾಡಿದ ತಳಿ, 1986ರಲ್ಲಿ ಬಂದದ್ದು. ಶಿಲೀಂಧ್ರದಿಂದ ಎಲೆ, ತೆನೆ ಹಾಳಾಗುವ ಬೆಂಕಿ ರೋಗ ಬರುತ್ತದೆ, ಬ್ಯಾಕ್ಟೀರಿಯಾದಿಂದ ಎಲೆ ಒಣಗುವ ದುಂಡಾಣು ಅಂಗಮಾರಿ ಬರುತ್ತದೆ, ಕೊಯ್ಲಿಗೆ ಐದು ತಿಂಗಳು ಹತ್ತಿರ ಬೇಕು. ಇಷ್ಟೆಲ್ಲ ದೋಷ ಇದ್ದೂ ರೈತರು ಬಿಡಲಿಲ್ಲ. ಸಣ್ಣಕ್ಕಿಗೆ ಪೇಟೆಯಲ್ಲಿ ಸಿಗುವ ದರ ಆ ದೋಷಗಳನ್ನೆಲ್ಲ ತುಂಬಿಕೊಡುತ್ತಿತ್ತು. ಹೈದರಾಬಾದಿನ ವಿಜ್ಞಾನಿಗಳು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರು. ಬೇರೆ ತಳಿ ಹಾಕಿ ಅಂತ ಹೇಳುವ ಬದಲು, ಅದೇ ಬಿಪಿಟಿಗೆ ಅಂಗಮಾರಿ ತಡೆಯುವ ಮೂರು ಜೀನ್ ಸೇರಿಸಿದರು. ಅಕ್ಕಿ ಅದೇ, ರೋಗ ಕಡಿಮೆ. 2008ರಲ್ಲಿ ಸುಧಾರಿತ ಸಾಂಬಾ ಮಸೂರಿ ಅಂತ ಬಂತು. ಆಮೇಲೆ ತೆಲಂಗಾಣದಿಂದ ಆರ್‌ಎನ್‌ಆರ್ 15048 ಬಂತು. ಅದೂ ಸಣ್ಣಕ್ಕಿಯೇ, ಆದರೆ 125 ದಿನದ ಆಸುಪಾಸು. ಕಾಲುವೆಯ ಕೊನೆಯ ಭಾಗದವರಿಗೆ ಮೂರು ವಾರದ ನೀರು ಉಳಿಯಿತು ಅಂದರೆ ಒಂದು ಬೆಳೆಯೇ ಉಳಿಯಿತು ಅಂತ ಅರ್ಥ. ಅವರಿಗೆ ಇಳುವರಿ ಸಾಲಿನ ಪಕ್ಕದಲ್ಲಿ ದಿನಗಳ ಸಾಲು ಇಲ್ಲದ ಪಟ್ಟಿ ಪ್ರಯೋಜನಕ್ಕೆ ಬರುವುದಿಲ್ಲ.

ಸಣ್ಣಕ್ಕಿ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ. ನಾವೆಲ್ಲ ದಿನಾ ಉಣ್ಣುವ ಸೋನಾ ಮಸೂರಿ, ಈಗ ಹೇಳಿದ ಸಾಂಬಾ ಮಸೂರಿ, ಮೊದಲು ಹೇಳಿದ ಸ್ವರ್ಣ, ಈ ಮೂರಕ್ಕೂ ಮಸೂರಿ ಅನ್ನುವ ತಳಿ ಹೆತ್ತವರ ಸ್ಥಾನದಲ್ಲಿದೆ. ಮಲೇಷ್ಯಾದಿಂದ ಬಂದದ್ದು. ನಮ್ಮ ದೇಶದ ಪರೀಕ್ಷೆಗಳಲ್ಲಿ, ಪೈರು ಮಲಗುತ್ತದೆ ಅಂತ ಅದನ್ನು ಕೈಬಿಟ್ಟಿದ್ದರು. ಆಂಧ್ರದಲ್ಲಿ ಒಬ್ಬ ಕೂಲಿಯವನು ಆ ಬೀಜವನ್ನು ಊರಿಗೆ ಒಯ್ದು ಬೆಳೆದ, ಅಲ್ಲಿಂದ ರೈತರ ಕೈಯಿಂದ ಕೈಗೆ ಹರಡಿತು ಅಂತ ತಳಿ ವಿಜ್ಞಾನಿಗಳ ಬರಹಗಳಲ್ಲೇ ದಾಖಲಾಗಿದೆ. ಪರೀಕ್ಷೆಯಲ್ಲಿ ಬಿದ್ದ ತಳಿ ಕೋಟ್ಯಂತರ ಜನರ ಊಟವಾಯಿತು. ಮಲಗುತ್ತದೆ ಅನ್ನುವುದು ನಿಜವೇ. ಆದರೆ ಗೊಬ್ಬರ ಕಡಿಮೆ ಹಾಕುವ ಬಡವರ ಗದ್ದೆಯಲ್ಲಿ ಆ ದೋಷ ಅಷ್ಟಾಗಿ ಕಾಡುವುದಿಲ್ಲ.

ಎಚ್‌ಎಂಟಿ ಅಕ್ಕಿ ಎಲ್ಲರಿಗೂ ಗೊತ್ತು. ಅದನ್ನು ಆರಿಸಿದವರು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ದಾದಾಜಿ ಖೋಬ್ರಗಡೆ. ಒಂದೂವರೆ ಎಕರೆಯ ದಲಿತ ರೈತ. 1983ರಲ್ಲಿ ತಮ್ಮ ಗದ್ದೆಯ ಪಟೇಲ್ 3 ಭತ್ತದ ನಡುವೆ ಬೇರೆ ಥರದ ಒಂದೆರಡು ತೆನೆ ಕಂಡರು. ತೆಗೆದಿಟ್ಟರು. ಮುಂದಿನ ವರ್ಷ ಬೇರೆಯಾಗಿ ಬಿತ್ತಿದರು. ಹೀಗೆ ವರ್ಷ ವರ್ಷ ಆರಿಸುತ್ತಾ ಹೋದರು. ಕಾಳು ಸಣ್ಣ, ಅನ್ನ ಚೆನ್ನ. ಊರವರು ಬೀಜ ಕೇಳಿ ಒಯ್ದರು. ಕೊನೆಗೆ ಒಬ್ಬ ವ್ಯಾಪಾರಿ, ಆಗ ಎಲ್ಲರ ಕೈಯಲ್ಲೂ ಇದ್ದ ನಮ್ಮ ಬೆಂಗಳೂರಿನ ಎಚ್‌ಎಂಟಿ ವಾಚಿನ ಹೆಸರನ್ನೇ ಅದಕ್ಕೆ ಇಟ್ಟ. ದಾದಾಜಿ 2018ರಲ್ಲಿ ತೀರಿಕೊಂಡರು. ಅವರ ತಳಿಯಿಂದ ಸಾವಿರಾರು ಜನ ದುಡಿದರು, ಅವರ ಬದುಕಿನ ಬಹುಪಾಲು ಕಷ್ಟದಲ್ಲೇ ಕಳೆಯಿತು. ಈ ಅನ್ಯಾಯ ನನ್ನನ್ನು ಕಾಡುತ್ತದೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತರು ತಮ್ಮ ತಳಿ ನೋಂದಾಯಿಸಲು ಈಗ ಅವಕಾಶ ಇದೆ. ನಿಮ್ಮಲ್ಲಿ ಯಾರಾದರೂ ಹಾಗೆ ಆರಿಸಿಟ್ಟುಕೊಂಡ ಬೀಜ ಇದ್ದರೆ ಇದನ್ನು ಉಪಯೋಗಿಸಿಕೊಳ್ಳಿ.

ಸರಿ, ಈಗ ನೀವೇ ನಿಮ್ಮ ಗದ್ದೆಯಲ್ಲಿ ಹೊಸ ತಳಿಯನ್ನು ನೋಡುವುದು ಹೇಗೆ ಅನ್ನುವುದಕ್ಕೆ ಬರೋಣ.

ಮೊದಲ ವರ್ಷ ಒಂದು ಎಕರೆಯಲ್ಲಿ ಐದು ಗುಂಟೆಗಿಂತ ಜಾಸ್ತಿ ಹೊಸದಕ್ಕೆ ಕೊಡಬೇಡಿ. ನಾಟಿಗೆ ಎಕರೆಗೆ ಇಪ್ಪತ್ತೈದು ಕಿಲೋ ಲೆಕ್ಕ ಹಿಡಿದರೆ ಮೂರು ಕಿಲೋ ಬೀಜ ಸಾಕು. ಉಳಿದದ್ದೆಲ್ಲ ನಿಮ್ಮ ಮಾಮೂಲಿ ತಳಿ ಇರಲಿ. ಹೊಸದನ್ನು ಮಾತ್ರ ಬೇರೆ ಗದ್ದೆಯಲ್ಲಿ ಹಾಕಿ, ಹೋದ ವರ್ಷದ ಹಳೆಯದಕ್ಕೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಗದ್ದೆ, ಒಂದೇ ದಿನ ಬಿತ್ತಿದ ಸಸಿ, ಒಂದೇ ದಿನ ನಾಟಿ, ಒಂದೇ ಗೊಬ್ಬರ. ಹೊಸದಕ್ಕೆ ಪ್ರೀತಿ ಜಾಸ್ತಿ ಆಗಿ ಒಂದು ಬುಟ್ಟಿ ಗೊಬ್ಬರ ಹೆಚ್ಚಿಗೆ ಹಾಕಿದರೆ ನೀವು ಅಳೆಯುವುದು ಗೊಬ್ಬರವನ್ನು. ಹಳೆಯ ತಳಿಯ ಬೀಜವೂ ಬೆರಕೆ ಇಲ್ಲದ ಒಳ್ಳೆಯ ಬೀಜವೇ ಆಗಿರಲಿ. ಹೊಸ ತಳಿ ಗೆದ್ದಿತು ಅಂತ ಅಂದುಕೊಳ್ಳುವ ಎಷ್ಟೋ ಕಡೆ ಗೆದ್ದಿರುವುದು ಹೊಸ ಬೀಜ. ಹತ್ತು ವರ್ಷದಿಂದ ಮನೆಯಲ್ಲೇ ಇಟ್ಟುಕೊಂಡು ಬಂದ ಬೆರಕೆ ಐಆರ್ 64 ಪಕ್ಕದಲ್ಲಿ ಶುದ್ಧ ಬೀಜದ ಐಆರ್ 64 ಹಾಕಿದರೂ ವ್ಯತ್ಯಾಸ ಕಾಣುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನಾಟಿ ದಿನ, ಅರ್ಧ ಗದ್ದೆ ಹೂ ಬಿಟ್ಟ ದಿನ, ಕೊಯ್ಲು ದಿನ. ಹೂ ಬಿಟ್ಟ ದಿನ ಬಹಳ ಮುಖ್ಯ. ಮಲೆನಾಡಿನಲ್ಲಿ ರಾತ್ರಿ ಚಳಿ, ಹಗಲು ಜಿನುಗು ಮಳೆ ಇರುವ ಹೊತ್ತಿಗೆ ತೆನೆ ಹೊರಟರೆ ಕುತ್ತಿಗೆಗೆ ಬೆಂಕಿ ರೋಗ ತಗಲುತ್ತದೆ. ತೆನೆ ಬೆಳ್ಳಗೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಬರೀ ಜೊಳ್ಳು. ಇಂಡೋನೇಷ್ಯಾದಿಂದ ಬಂದ ಇಂಟಾನ್ ಅನ್ನುವ ತಳಿ ಕೊಡಗಿನಲ್ಲಿ, ಮಲೆನಾಡಿನಲ್ಲಿ ಅಷ್ಟು ವರ್ಷ ಉಳಿದದ್ದು ಬೆಂಕಿ ರೋಗ ತಡೆಯುತ್ತಿದ್ದುದರಿಂದ. ಮಳೆಗೆ ಮಲಗಿತಾ ಅಂತಲೂ ಬರೆಯಿರಿ. ಈಗ ಎಲ್ಲ ಕಡೆ ಕೊಯ್ಲು ಮೆಷಿನ್ ಗಂಟೆ ಲೆಕ್ಕದ ಬಾಡಿಗೆ. ಮಲಗಿದ ಪೈರು ಕೊಯ್ಯಲು ಹೊತ್ತು ಜಾಸ್ತಿ ಹಿಡಿಯುತ್ತದೆ, ತೆನೆಯೂ ಮಣ್ಣಿಗೆ ಬಿಡುತ್ತದೆ.

ಕೊಯ್ಲಿನ ದಿನ ಕಣ್ಣಂದಾಜು ಬೇಡ. ಎರಡು ತಳಿಯಲ್ಲೂ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಅಳೆದು ಹಗ್ಗ ಕಟ್ಟಿ. ಇದು ಹತ್ತಿರ ಹತ್ತಿರ ಕಾಲು ಗುಂಟೆ. ಬದುವಿನ ಪಕ್ಕದ ಎರಡು ಸಾಲು ಬಿಡಿ, ಅಲ್ಲಿ ಬಿಸಿಲು ಗಾಳಿ ಜಾಸ್ತಿ ಸಿಕ್ಕಿ ಪೈರು ಯಾವಾಗಲೂ ಚೆನ್ನಾಗಿರುತ್ತದೆ. ಮರದ ನೆರಳು ಬೀಳುವ ಜಾಗವೂ ಬೇಡ. ಆಗುವುದಾದರೆ ಒಂದೊಂದು ತಳಿಗೆ ಮೂರು ಕಡೆ ಚೌಕ ಹಾಕಿ. ಅದರೊಳಗಿನದನ್ನು ಬೇರೆಯಾಗಿ ಕೊಯ್ದು, ಬಡಿದು, ತೂರಿ, ತೂಕ ಮಾಡಿ. ಬಂದ ಕಿಲೋವನ್ನು 162ರಿಂದ ಗುಣಿಸಿದರೆ ಎಕರೆಯ ಲೆಕ್ಕ.

ಇಲ್ಲಿ ಒಂದು ಎಚ್ಚರ ಬೇಕು, ತೇವಾಂಶ. ಬೇಗ ಬಲಿಯುವ ತಳಿ ಒಣಗಿರುತ್ತದೆ, ತಡವಾಗಿ ಬಲಿಯುವುದು ಹಸಿಯಾಗಿರುತ್ತದೆ. ಹಸಿ ಭತ್ತ ತೂಕದಲ್ಲಿ ಮೋಸ ಮಾಡುತ್ತದೆ. ಚೌಕದಲ್ಲಿ ಹನ್ನೆರಡು ಕಿಲೋ ಬಂತು ಅಂತ ಇಟ್ಟುಕೊಳ್ಳಿ. ನೇರವಾಗಿ ಗುಣಿಸಿದರೆ ಎಕರೆಗೆ ಹತ್ತೊಂಬತ್ತು ಕ್ವಿಂಟಾಲ್ ದಾಟುತ್ತದೆ. ಆದರೆ ತೇವಾಂಶ 20 ಶೇಕಡಾ ಇದ್ದರೆ, ಮಾರುವ ಮಟ್ಟದ 14 ಶೇಕಡಾಕ್ಕೆ ಇಳಿಸಿದಾಗ ಅದು 11 ಕಿಲೋ ಚಿಲ್ಲರೆ ಮಾತ್ರ, ಎಕರೆಗೆ ಹದಿನೆಂಟು ಕ್ವಿಂಟಾಲ್. ಒಂದೂಕಾಲು ಕ್ವಿಂಟಾಲ್‌ಗಿಂತ ಜಾಸ್ತಿ ಬರೀ ನೀರು. ಸೂತ್ರ ಬೇಕಾದವರು ಬರೆದುಕೊಳ್ಳಿ. ನೂರರಲ್ಲಿ ತೇವಾಂಶ ಕಳೆದು, ಬಂದದ್ದನ್ನು ತೂಕಕ್ಕೆ ಗುಣಿಸಿ, 86ರಿಂದ ಭಾಗಿಸಬೇಕು. ತೇವಾಂಶ ಅಳೆಯುವ ಮೀಟರ್ ಇಲ್ಲದಿದ್ದರೆ ಎರಡನ್ನೂ ಒಂದೇ ಅಂಗಳದಲ್ಲಿ ಚೆನ್ನಾಗಿ ಒಣಗಿಸಿ ಆಮೇಲೆ ತೂಗಿ. ಅಷ್ಟು ಮಾಡಿದರೂ ಸಾಕು.

ಆಮೇಲೆ ಅನ್ನ ಮಾಡಿ ನೋಡಿ. ಹೊಸ ಅಕ್ಕಿ ಯಾವುದಾದರೂ ಸ್ವಲ್ಪ ಅಂಟುತ್ತದೆ, ಹಾಗಾಗಿ ಎರಡು ಮೂರು ತಿಂಗಳು ಇಟ್ಟು ನೋಡುವುದು ಒಳ್ಳೆಯದು. ಎರಡಕ್ಕೂ ಅದೇ ಪಾತ್ರೆ, ಅದೇ ಅಳತೆ ನೀರು. ರಾತ್ರಿ ಮಾಡಿದ ಅನ್ನ ಬೆಳಗ್ಗೆ ಹೇಗಿದೆ ನೋಡಿ. ಕೆಲಸಕ್ಕೆ ಹೋಗುವವರಿಗೆ ಎಷ್ಟು ಹೊತ್ತು ಹಸಿವು ತಡೆಯಿತು ಕೇಳಿ. ಕುಚ್ಚಲು ಮಾಡುವ ಮನೆಯಾದರೆ ಕುಚ್ಚಲು ಮಾಡಿಯೇ ನೋಡಬೇಕು.

ಒಬ್ಬರ ಗದ್ದೆಯ ಫಲಿತಾಂಶ ಒಬ್ಬರದ್ದೇ. ಊರಲ್ಲಿ ಹತ್ತು ಹನ್ನೆರಡು ಮನೆ ಸೇರಿಕೊಂಡರೆ ಅದಕ್ಕೆ ಬೆಲೆ ಬರುತ್ತದೆ. 1990ರ ದಶಕದಲ್ಲಿ ಆಫ್ರಿಕಾದ ಮಲಾವಿಯಲ್ಲಿ ಸೀಗ್ಲಿಂಡ್ ಸ್ನ್ಯಾಪ್ ಎಂಬ ವಿಜ್ಞಾನಿ ಇದಕ್ಕೊಂದು ದಾರಿ ಮಾಡಿದರು. ಮುಸುಕಿನ ಜೋಳದ ಜೊತೆ ದ್ವಿದಳ ಧಾನ್ಯ ಬೆಳೆಸುವ ಪ್ರಯೋಗಕ್ಕೆ ಅಂತ ಶುರುವಾದದ್ದು, ಆಮೇಲೆ ಬೇರೆ ಬೆಳೆಗಳಿಗೂ ಬಂತು. ಊರ ನಡುವೆ ಒಂದು ತಾಯಿ ತಾಕು, ಅಲ್ಲಿ ಎಲ್ಲ ತಳಿಗಳೂ ಇರುತ್ತವೆ. ಸುತ್ತಲಿನ ರೈತರ ಗದ್ದೆಯಲ್ಲಿ ಮಗು ತಾಕುಗಳು, ಅಲ್ಲಿ ಎರಡೋ ಮೂರೋ ಮಾತ್ರ, ಅವರದೇ ಪದ್ಧತಿಯಲ್ಲಿ. ಮಗು ತಾಕುಗಳಲ್ಲಿ ಕೆಲವಾದರೂ ತಗ್ಗಿನಲ್ಲಿರಲಿ, ಕೆಲವು ಎತ್ತರದ, ನೀರು ನಿಲ್ಲದ ಮಕ್ಕಿಗದ್ದೆಯಲ್ಲಿರಲಿ, ಕೆಲವು ತಡವಾಗಿ ನಾಟಿ ಮಾಡುವವರ ಹತ್ತಿರ ಇರಲಿ. ಯಾವ ತಾಕಾದರೂ ಹಾಳಾದರೆ ಅದನ್ನು ಲೆಕ್ಕದಿಂದ ತೆಗೆಯಬೇಡಿ. ಸೊನ್ನೆ ಬಂದದ್ದನ್ನೂ ಸೊನ್ನೆ ಅಂತಲೇ ಬರೆಯಿರಿ. ಹಾಳಾದ ತಾಕುಗಳನ್ನು ಬಿಟ್ಟು ಸರಾಸರಿ ತೆಗೆಯುವುದು ನಮ್ಮ ವರದಿಗಳಲ್ಲಿ ಮಾಮೂಲಿ ಆಗಿದೆ. ಸಣ್ಣ ರೈತರಿಗೆ ತಿಳಿಯಬೇಕಾದ್ದು ಆ ಬಿಟ್ಟುಹೋದ ಸಾಲುಗಳಲ್ಲೇ ಇರುತ್ತದೆ.

ಒಬ್ಬರು ಆಗಲೇ ಹೈಬ್ರಿಡ್ ಬಗ್ಗೆ ಕೇಳಿದರು. ಮಂಡ್ಯದಿಂದ 1996ರಲ್ಲಿ ಬಂದ ಕೆಆರ್‌ಎಚ್-2 ಒಳ್ಳೆಯ ಹೈಬ್ರಿಡ್. ನೀರು ಗಟ್ಟಿ ಇರುವ ಕಡೆ ಇಳುವರಿ ಕೊಡುತ್ತದೆ. ಆದರೆ ಅದರಿಂದ ಬೀಜ ಇಟ್ಟುಕೊಳ್ಳುವ ಹಾಗಿಲ್ಲ. ಮುಂದಿನ ವರ್ಷ ಬಿತ್ತಿದರೆ ಎತ್ತರ ಗಿಡ್ಡ ಎಲ್ಲ ಬೆರಕೆಯಾಗಿ ಬರುತ್ತದೆ. ಹಾಗಾಗಿ ಇಳುವರಿಯ ಲೆಕ್ಕದಿಂದ ಪ್ರತಿ ವರ್ಷದ ಬೀಜದ ದುಡ್ಡನ್ನು ಕಳೆಯಿರಿ. ಬೆಳೆ ಹೋದ ಮರುವರ್ಷ ಆ ದುಡ್ಡು ಕೈಯಲ್ಲಿ ಇರುತ್ತದಾ ಅಂತಲೂ ಯೋಚಿಸಿ. ಇರುತ್ತದೆ ಅನ್ನುವವರು ಧಾರಾಳವಾಗಿ ಹಾಕಬಹುದು.

ಇನ್ನೊಬ್ಬರ ಪ್ರಶ್ನೆ, ಹೊಸದು ಗೆದ್ದರೆ ಹಳೆಯದನ್ನು ಬಿಡಬೇಕಾ ಅಂತ. ಕಡಿಮೆ ಎಂದರೆ ಮೂರು ವರ್ಷ ಬಿಡಬೇಡಿ. ಮೂರು ವರ್ಷದಲ್ಲಿ ಒಂದಾದರೂ ಕೆಟ್ಟ ವರ್ಷ ಬರುತ್ತದೆ, ಆ ವರ್ಷದ ಅಂಕಿ ನೋಡಿ ತೀರ್ಮಾನ ಮಾಡಿ. ಅಲ್ಲಿಯವರೆಗೆ ಎರಡರ ಬೀಜವೂ ಮನೆಯಲ್ಲಿರಲಿ. ಬೀಜಕ್ಕೆ ಅಂತ ಗದ್ದೆಯ ನಡುವಿನ ಜಾಗ ಗುರುತು ಮಾಡಿ, ಹೂ ಬಿಡುವಾಗ ಒಮ್ಮೆ, ಕೊಯ್ಲಿಗೆ ಮುಂಚೆ ಒಮ್ಮೆ ಬೆರಕೆ ಗಿಡ ಕಿತ್ತು ಹಾಕಿ. ಮೊದಲು ಅದನ್ನು ಕೊಯ್ದು ಬೇರೆ ಬಡಿಯಿರಿ, ಯಾಕೆಂದರೆ ಬೆರಕೆ ಆಗುವುದು ಹೆಚ್ಚಾಗಿ ಕಣದಲ್ಲಿ ಮತ್ತು ಮೆಷಿನ್ನಿನ ಒಳಗೆ. ಕಾಳು ಕಡಿದರೆ ಟಕ್ ಅನ್ನುವಷ್ಟು ಒಣಗಿಸಿ ಚೀಲಕ್ಕೆ ತುಂಬಿ. ಚೀಲದ ಹೊರಗೊಂದು, ಒಳಗೊಂದು ಚೀಟಿ ಹಾಕಿ. ತಳಿಯ ಹೆಸರು, ವರ್ಷ, ಯಾವ ಗದ್ದೆಯದು. ಹೊರಗಿನ ಚೀಟಿಯನ್ನು ಇಲಿ ತಿಂದರೂ ಒಳಗಿನದು ಉಳಿದಿರುತ್ತದೆ.